ನಡೆಯುತ್ತಾ ನೋಡುವ ದುರ್ಬೀನು

ನಿವೃತ್ತಿ ಹತ್ತಿರ ಬಂದಾಗ ನ್ಯೂಜಿಲೆಂಡಿನಿಂದ ಗೆಳೆಯನ ಫೋನ್ ಬಂತು. ಉಡುಪಿಯವನು. ನಾವಿಬ್ಬರೂ ವರ್ಷಗಟ್ಟಲೆ ಒಂದೇ ಕಂಪನಿ ಬಸ್ಸಿನಲ್ಲಿ ಇಲ್ಲಿನ ಜುರಾಂಗ್ ಐಲ್ಯಾಂಡಿನ ಕಾರ್ಖಾನೆಗೆ ಹೋಗಿ ಬಂದವರು. ಅವನು ಆಮೇಲೆ ನ್ಯೂಜಿಲೆಂಡಿನಲ್ಲಿ ನೆಲೆಸಿ, ಲೈಸೆನ್ಸ್ ಪಡೆದು, ಜಿಂಕೆ ಬೇಟೆ ಕಲಿತಿದ್ದ.

"ರಿಟೈರ್ ಆಗಿ ಮನೆಯಲ್ಲಿ ಎಂತ ಮಾಡ್ತಿ ಮಾರಾಯ? ಇಲ್ಲಿಗೆ ಬಾ. ಕೋವಿ ನಂದು, ಕಣ್ಣು ನಿಂದು. ನೀನು ದುರ್ಬೀನಲ್ಲಿ ನೋಡಿ ಜಿಂಕೆ ಅಂತ ಹೇಳಿದ್ರೆ ಮಾತ್ರ ನಾನು ಹೊಡೆಯೋದು."

ಒಪ್ಪಿಬಿಟ್ಟೆ. ಫೋನ್ ಇಟ್ಟ ಮೇಲೆ ಆ ಕೊನೆಯ ಮಾತು ನನ್ನನ್ನು ಕುಳಿತಲ್ಲಿ ಕೂರಗೊಡಲಿಲ್ಲ. ಅಲ್ಲಿನ ಕಾಡಿನಲ್ಲಿ ಬೇರೆ ಬೇಟೆಗಾರರೂ ಓಡಾಡುತ್ತಾರೆ. ಪೊದೆಯ ಹಿಂದೆ ಅಲುಗಿದ್ದು ಜಿಂಕೆಯೋ ಮನುಷ್ಯನೋ ಎಂದು ಹೇಳಬೇಕಾದವನು ನಾನು. ಕಾರ್ಖಾನೆಯಲ್ಲಿ ನನ್ನದು ಸುರಕ್ಷತೆಯ ಕೆಲಸ. ನಾನು "ಕ್ಲಿಯರ್" ಅನ್ನದೆ ಯಾರೂ ವೆಲ್ಡಿಂಗ್ ಶುರುಮಾಡುವಂತಿರಲಿಲ್ಲ. ಹಾಗೆ ಹೇಳುವ ಮೊದಲು ಪೈಪುಗಳ ನಡುವೆ ನಾನೇ ಹೋಗಿ ನೋಡಿ ಬರುತ್ತಿದ್ದೆ. ಕಾಡಿನಲ್ಲಿ ಪೊದೆಯವರೆಗೆ ಹೋಗಿ ನೋಡಿ ಬರುವ ಹಾಗಿಲ್ಲ.

ಶನಿವಾರ ಹೆಂಡತಿಯನ್ನು ಕರೆದುಕೊಂಡು ಪಾಯಾ ಲೆಬಾರಿನ ಮಾಲಿಗೆ ಹೋದೆ. ಹನ್ನೆರಡು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನೊಂದನ್ನು ಅಂಗಡಿಯ ಬಾಗಿಲಲ್ಲಿ ನಿಂತು ಪರೀಕ್ಷಿಸಿದೆ. ಎದುರುಗಡೆ ಚಪ್ಪಲಿ ಅಂಗಡಿಯ ಬೆಲೆಚೀಟಿಯನ್ನು ಸಲೀಸಾಗಿ ಓದಬಹುದಿತ್ತು. ಇದಕ್ಕಿಂತ ಇನ್ನೇನು ಬೇಕು ಅನಿಸಿತು.

"ಏನ್ರೀ, ಚಪ್ಪಲಿ ಬೇಟೆಗಾ ಹೋಗ್ತಿರೋದು?" ಎಂದಳು ಅವಳು.

ಮನೆಗೆ ಬಂದು ಅಡುಗೆಮನೆಯ ಕಿಟಕಿಯಿಂದ ಹೊರಗೆ ಹಿಡಿದೆ. ಎದುರಿನ ಬ್ಲಾಕಿನ ಆಂಟಿ ತಟ್ಟನೆ ಪರದೆ ಎಳೆದುಕೊಂಡರು.

"ನಾಳೆ ಮಾರ್ಕೆಟ್ಟಲ್ಲಿ ಅವರ ಮುಖ ನೋಡ್ಬೇಕಾದವಳು ನಾನು! ಕಾಡಿಗೆ ಅಂತ ತಂದಿದ್ದನ್ನ ಕಾಡಲ್ಲೇ ನೋಡಿ."

ಮರುದಿನ ಬೆಳಿಗ್ಗೆ ನಾವಿರುವ ಪುಂಗೋಲ್ ಬಡಾವಣೆಯ ಪಕ್ಕದ ಚಿಕ್ಕ ದ್ವೀಪಕ್ಕೆ ಹೋದೆವು. ಅಲ್ಲಿ ಸರ್ವೆ ಮರಗಳು, ಅವುಗಳ ಕೆಳಗೆ ಒತ್ತಾದ ಪೊದೆಗಳು. ಕಂದು ಕುರ್ತಾ ತೊಟ್ಟಿದ್ದ ಹೆಂಡತಿ ಮುಂದೆ ಹೋಗಿ ಅಡಗಬೇಕು. ನಾನು ಬಿರಬಿರನೆ ನಡೆದು, ನಿಂತು, ಹುಡುಕಬೇಕು. ಇದು ನಾನೇ ಹಾಕಿದ ನಿಯಮ.

ಭಾರದ ದುರ್ಬೀನು ಹೆಜ್ಜೆಹೆಜ್ಜೆಗೂ ಎದೆಗೆ ಗುದ್ದುತ್ತಿತ್ತು. ನಿಂತು ಕಣ್ಣಿಗಿಟ್ಟರೆ ನನ್ನ ಏದುಸಿರಿಗೆ ಇಡೀ ಕಾಡೇ ಕುಣಿಯಿತು. ಒಂದೊಂದು ಎಲೆಯೂ ತಟ್ಟೆಯಷ್ಟಗಲ ಕಂಡಿತೇ ಹೊರತು, ಅದು ಯಾವ ಗಿಡದ್ದು, ಪಕ್ಕದಲ್ಲೇನಿದೆ ಎಂದು ತಿಳಿಯಲಿಲ್ಲ. ಆ ಕಡೆ ಈ ಕಡೆ ಆಡಿಸಿ ನೋಡಿ, "ಇಲ್ಲಿ ಯಾರೂ ಇಲ್ಲ, ಕ್ಲಿಯರ್!" ಎಂದು ಕೂಗಿದೆ.

ಅದೇ ಪೊದೆಯಿಂದ ಅವಳು ಎದ್ದು ನಿಂತಳು. "ಇಲ್ಲೇ ಇದ್ದೀನಿ ರೀ. ನನಗೆ ಗುಂಡು ಹೊಡೆದಾಯ್ತಾ?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಆ ವಾರವೆಲ್ಲ ನೆಮ್ಮದಿಯಿಲ್ಲ. ಬೆಳಗಿನ ನಡಿಗೆಯಲ್ಲಿ ದಾರಿಬದಿಯ ಪೊದೆಗಳನ್ನೇ ದಿಟ್ಟಿಸುತ್ತಿದ್ದೆ. ಬಸ್ಸಿನಲ್ಲಿ ಕೂತರೆ ಕೈ ತಾನಾಗಿ ಎದೆಯ ಮೇಲಿಲ್ಲದ ದುರ್ಬೀನನ್ನು ಹುಡುಕುತ್ತಿತ್ತು. ಬರುವುದಿಲ್ಲವೆಂದು ಗೆಳೆಯನಿಗೆ ಹೇಳಿಬಿಡಲೇ ಎಂದು ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ.

ಶನಿವಾರ ಮತ್ತೆ ಅದೇ ಅಂಗಡಿ. ಈ ಸಲ ಬೆಲೆಚೀಟಿ ಓದಲಿಲ್ಲ. ಮಾಲಿನ ಮೆಟ್ಟಿಲು ಹತ್ತಿಳಿದು, ಉಸಿರು ಏರಿದ್ದಾಗಲೇ, ನೆಲಮಾಳಿಗೆಯ ಕಾರ್ ಪಾರ್ಕಿನ ಮಬ್ಬಿನಲ್ಲಿ ಒಂದೊಂದೇ ದುರ್ಬೀನನ್ನು ಕಣ್ಣಿಗಿಟ್ಟೆ. ಅಂಗಡಿಯ ಹುಡುಗಿ ಉಳಿದವನ್ನು ಹಿಡಿದುಕೊಂಡು ಹಿಂದೆಯೇ ಬಂದಳು. ಅಂಗಿಯ ಜೇಬಿಗೆ ಇಳಿಯುವಂಥ ಪುಟಾಣಿಯೊಂದಿತ್ತು. ಅದರ ಗಾಜು ತೀರ ಚಿಕ್ಕದು, ಕತ್ತಲಲ್ಲಿ ಕಂಬಕ್ಕೂ ಮನುಷ್ಯನಿಗೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಅದಕ್ಕಿಂತ ಸ್ವಲ್ಪ ದೊಡ್ಡದು, ಎಂಟು ಪಟ್ಟಿನದು, ಒಂದೇ ಕೈಯಲ್ಲಿ ಹಿಡಿಯಬಹುದಾದದ್ದು, ಕನ್ನಡಕ ತೆಗೆಯದೆಯೇ ಪೂರ್ತಿ ವೃತ್ತ ತೋರಿಸಿತು. ಚಿತ್ರ ನಿಂತಲ್ಲೇ ನಿಂತಿತ್ತು. ಹಳೆಯದನ್ನು ಕೊಟ್ಟು ಅದನ್ನು ತಂದೆ.

ಭಾನುವಾರ ಹೆಂಡತಿ ಮತ್ತೆ ಅಡಗಿದಳು. ನಡೆದೆ, ನಿಂತೆ, ನೋಡಿದೆ. ಎಲೆಗಳ ಸಂದಿಯಲ್ಲಿ ಅವಳ ಓಲೆ ಮಿಂಚಿತು. ಸಿಕ್ಕಳು! ಕೂಗಲು ಬಾಯಿ ತೆರೆದವನು ಕೂಗಲಿಲ್ಲ. ವೃತ್ತದ ಅಂಚಿನಲ್ಲಿ, ಅವಳಿಗಿಂತ ಹಿಂದೆ, ಎಲೆಯಲ್ಲದ ಏನೋ ಇತ್ತು.

"ಕಂಡೆನೋ ಇಲ್ವೋ ಹೇಳ್ರೀ, ಸೊಳ್ಳೆ ಕಚ್ತಿದೆ!"

"ಅಲ್ಲಾಡಬೇಡ."

"ನಾನೇನು ಜಿಂಕೇನಾ?"

ಕಾದೆ. ಕೈಯೊಂದು ಮೇಲೆದ್ದು ಟೋಪಿಯನ್ನು ಸರಿಮಾಡಿಕೊಂಡಿತು.

"ನಿನ್ನ ಹಿಂದೆ ಒಬ್ಬರು ಕೂತಿದ್ದಾರೆ."

"ಅಯ್ಯೋ!" ಎಂದು ಅವಳು ಹಾರಿ ತಿರುಗಿದಳು. ಮೀನಿನ ಗಾಳ ಬಿಚ್ಚಿಕೊಳ್ಳುತ್ತಿದ್ದ ಮುದುಕರೊಬ್ಬರು ತಲೆಯೆತ್ತಿ, "ಮಾರ್ನಿಂಗ್ ಲಾ" ಎಂದು ಇಲ್ಲಿನವರ ಧಾಟಿಯಲ್ಲಿ ಹೇಳಿದರು.

ಸಂಜೆ ಗೆಳೆಯನಿಗೆ ಫೋನ್ ಮಾಡಿದೆ.

"ಬರ್ತೀನಿ ಕಣೋ. ಆದ್ರೆ ಹೇಳೋದಕ್ಕೆ ತಡ ಮಾಡ್ತೀನಿ."

"ಎಷ್ಟು ತಡ?"

"ಜಿಂಕೆ ಓಡಿಹೋಗುವಷ್ಟು."

ಬೇಡವೆನ್ನುತ್ತಾನೇನೋ ಎಂದುಕೊಂಡು ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ಶತಪಥ ಹಾಕುತ್ತಿದ್ದೆ.

"ಓಡ್ಲಿ ಬಿಡು ಮಾರಾಯ," ಎಂದ. "ನಾಳೆ ಇನ್ನೊಂದು ಬರ್ತದೆ. ನೀನು ಟಿಕೆಟ್ ಬುಕ್ ಮಾಡು."