ಮೇಣದ ಯಂತ್ರದ ಸೊಣ್ಣಮ್ಮ

ಸೊಣ್ಣಮ್ಮನನ್ನು ನಾನು ಮೊದಲ ಸಲ ನೋಡಿದಾಗ ಅವಳ ಗಂಡ ಬೈರಣ್ಣ ಅವಳ ತುರುಬು ಹಿಡಿದು ನಮ್ಮ ಶೆಡ್ಡಿನಿಂದ ರಸ್ತೆಗೆ ಎಳೆಯುತ್ತಿದ್ದ. ನಮ್ಮಪ್ಪ ಚನ್ನಬಸವಯ್ಯನವರು ಜಗುಲಿಯ ಮೇಲೆ ನಿಂತು "ಬೈರಣ್ಣ, ಬೇಡಪ್ಪ, ಬೇಡಪ್ಪ" ಎನ್ನುತ್ತಿದ್ದರೇ ಹೊರತು ಮೆಟ್ಟಿಲು ಇಳಿಯಲಿಲ್ಲ. ಪತ್ರಿಕೆಯ ಕಟ್ಟು ಹೊರುವ ಆಳುಗಳು ಬೀಡಿ ಸೇದುತ್ತಾ ನಿಂತಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಒಬ್ಬ ನಕ್ಕ. ಆ ಗಾದೆ ಕಟ್ಟಿದವನು ಬೈರಣ್ಣನ ಮನೆ ನೋಡಿರಲಿಲ್ಲ. ಅಲ್ಲಿ ಜಗಳ ಶುರುವಾಗುತ್ತಿದ್ದದ್ದೇ ಉಂಡ ಮೇಲೆ.

ಗೇಟಿನ ಹತ್ತಿರ ಸೊಣ್ಣಮ್ಮ ಸರಕ್ಕನೆ ತಿರುಗಿ ಅವನ ಮುಂಗೈ ಕಚ್ಚಿದಳು. ಸುಮ್ಮನೆ ಹೆದರಿಸುವ ಕಚ್ಚುವಿಕೆಯಲ್ಲ, ಹಲ್ಲು ಇಳಿದು ರಕ್ತ ಬಂತು. ಅವನು ಕೂಗಿ ಕೈ ಬಿಟ್ಟ. ಅವಳು ಬಾಯಿ ಒರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಳಗೆ ಬಂದು ತಾನು ತಿರುಗಿಸುವ ಯಂತ್ರದ ಗಾಲಿಯ ಮುಂದೆ ನಿಂತಳು. ಅಂದಿನಿಂದ ನನಗೆ ಅವಳೆಂದರೆ ಪ್ರಾಣ.

ಆಗ ಜಯನಗರ ಇನ್ನೂ ಪೂರ್ತಿ ಎದ್ದಿರಲಿಲ್ಲ. ನಮ್ಮ ಮನೆಯ ಹಿಂದೆ ನಾಲ್ಕು ಮನೆ ದಾಟಿದರೆ ರಾಗಿ ಹೊಲ. ಬೈರಣ್ಣನದು ಸಾರಕ್ಕಿ. ಅವನ ಹೊಲ ಬಡಾವಣೆಗೆ ಹೋಯಿತು. ಅಳತೆಯ ಕಲ್ಲು ನೆಡಲು ಬಂದವರ ಮೇಲೆ ಅವನು ಮಚ್ಚು ಎತ್ತಿದ. ಠಾಣೆಗೆ ಒಯ್ದು, ನೆಲಕ್ಕೆ ಕೆಡವಿ, ಅಂಗಾಲು ಊದುವ ಹಾಗೆ ಹೊಡೆದು ಕಳಿಸಿದರು. ಪೊಲೀಸರಿಗೆ ತಿರುಗಿ ಕೊಡಲಾಗದ ಏಟನ್ನೆಲ್ಲ ಅವನು ಮನೆಗೆ ತಂದ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಸೊಣ್ಣಮ್ಮನ ಎರಡು ಬಸಿರು ಅವನ ಒದೆತಕ್ಕೆ ಹೋದವು. ಎರಡನೆಯದು ಹೋದ ಮೇಲೆ ಅವಳು ಗಂಟು ಕಟ್ಟಿಕೊಂಡು ಹೊರಟು, ಕೆಲಸ ಕೇಳಿಕೊಂಡು ನಮ್ಮ ಶೆಡ್ಡಿಗೆ ಬಂದಳು. ನಮ್ಮಜ್ಜಿ ಸಿದ್ದಗಂಗಮ್ಮ ಅವಳಿಗೆ ಶೆಡ್ಡಿನ ಹಿಂದಿನ ಕೋಣೆ ಬಿಟ್ಟುಕೊಟ್ಟಳು. ಗಾಲಿಯ ಕೆಲಸ ಇರುವವರೆಗೆ ಆ ಕೋಣೆ. ಗಾಲಿ ಹೋದರೆ ಕೋಣೆ ಹೋಗುತ್ತದೆ, ಕೋಣೆ ಹೋದರೆ ಮತ್ತೆ ಬೈರಣ್ಣನ ಮನೆ. ತವರಿನಲ್ಲಿ ಅವಳಿಗೆ ಯಾರೂ ಉಳಿದಿರಲಿಲ್ಲ.

ಅಪ್ಪನ ಕಸುಬು ಪತ್ರಿಕೆ ಸಾಗಿಸುವುದು. ಸಂಜೆ ಪತ್ರಿಕೆಯ ಕಟ್ಟುಗಳು ಮಧ್ಯಾಹ್ನ ಪೇಟೆಯ ಪ್ರೆಸ್ಸಿನಿಂದ ನಮ್ಮಲ್ಲಿಗೆ ಬರುತ್ತಿದ್ದವು. ನಾವು ಅವನ್ನು ಕನಕಪುರದ ಬಸ್ಸುಗಳ ತಲೆಯ ಮೇಲೆ ಏರಿಸಬೇಕು. ಮಳೆ ಬಂತೆಂದರೆ ಪತ್ರಿಕೆ ಹಾರೋಹಳ್ಳಿ ಮುಟ್ಟುವಷ್ಟರಲ್ಲಿ ಕಲಸಿದ ಹಿಟ್ಟು. ಅದಕ್ಕೇ ಅಪ್ಪ ಮುಚ್ಚಿಹೋದ ಪ್ರೆಸ್ಸೊಂದರ ಕಬ್ಬಿಣದ ರೋಲರುಗಳನ್ನು ತಂದು ಒಂದು ಯಂತ್ರ ಕಟ್ಟಿಸಿದ್ದರು. ದಪ್ಪ ಕಂದು ಕಾಗದ ದೊಡ್ಡ ಸುರುಳಿಯಿಂದ ಬಿಚ್ಚಿಕೊಂಡು ಕುದಿಯುವ ಮೇಣದ ತೊಟ್ಟಿಯಲ್ಲಿ ಮುಳುಗಿ, ಎರಡು ರೋಲರುಗಳ ನಡುವೆ ಹಿಂಡಿಸಿಕೊಂಡು ಆಚೆ ಬರುತ್ತಿತ್ತು. ಬಿಸಿ ಆರುವ ಮುಂಚೆ ಅದನ್ನು ಕಟ್ಟಿಗೆ ಸುತ್ತಿ ಒತ್ತಿದರೆ ಅಂಟಿಕೊಳ್ಳುತ್ತಿತ್ತು. ಆಮೇಲೆ ಕೊಡಗಟ್ಟಲೆ ನೀರು ಸುರಿದರೂ ಒಳಗೆ ಒಂದು ಹನಿ ಇಳಿಯುತ್ತಿರಲಿಲ್ಲ.

ಯಂತ್ರದ ಹಿಂದೆ ಕೈಯಿಂದ ತಿರುಗಿಸುವ ದೊಡ್ಡ ಗಾಲಿ. ಅದು ಸೊಣ್ಣಮ್ಮನದು. ಮುಂದೆ ನಿಂತು ಕಾಗದ ಬಿಡುತ್ತಿದ್ದವನು ಮೇಸ್ತ್ರಿ ಮರುಳಸಿದ್ದಪ್ಪ, ತಿಪಟೂರು ಕಡೆಯ ನಮ್ಮ ದೂರದ ನೆಂಟ. ನಡುವೆ ಕಾಗದದ ಸುರುಳಿ ಅಡ್ಡವಿದ್ದುದರಿಂದ ಗಾಲಿಯ ಹತ್ತಿರ ನಿಂತವರಿಗೆ ಮುಂದಿನದು ಕಾಣುತ್ತಿರಲಿಲ್ಲ. ರೋಲರುಗಳ ಬಾಯಿಗೆ ಅಡ್ಡವಾಗಿ ಒಂದು ಹಲಗೆ ಇತ್ತು. ಅದರ ಸೀಳಿನಲ್ಲಿ ಕಾಗದ ಹೋಗುತ್ತಿತ್ತು, ಬೆರಳು ತುದಿಯ ಮಟ್ಟಕ್ಕೇ ನಿಲ್ಲುತ್ತಿತ್ತು.

ಆಯುಧಪೂಜೆಯ ದಿನ ಆ ಯಂತ್ರಕ್ಕೆ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದಮೇಲೆ ಆಳುಗಳ ಪಾಲಿಗೆ ಅದು ದೇವರೇ ಆಗಿಬಿಟ್ಟಿತ್ತು. ಸೊಣ್ಣಮ್ಮ ದಿನಾ ಬೆಳಿಗ್ಗೆ ಅದರ ನೆತ್ತಿಯ ಮೇಲೆ ಒಂದು ಹೂವು ಇಡುತ್ತಿದ್ದಳು. ತಿಂಗಳ ಮುಟ್ಟಿನ ದಿನಗಳಲ್ಲಿ ಮಾತ್ರ ಅವಳು ಇಡುತ್ತಿರಲಿಲ್ಲ. ಅವಳ ಊರಲ್ಲಾಗಿದ್ದರೆ ಹೆಂಗಸರು ಆ ದಿನಗಳಲ್ಲಿ ಮನೆಯ ಹೊರಗೇ ಕೂರಬೇಕು. ನಮ್ಮಜ್ಜಿ "ಲಿಂಗ ಕಟ್ಟಿದ ಮನೆ ಕಣೇ ಇದು. ನಮ್ಮಲ್ಲಿ ಆ ಸೂತಕ ಇಲ್ಲ. ನಿನ್ನ ಪಾಡಿಗೆ ಕೆಲಸ ಮಾಡು" ಎಂದಿದ್ದಳು. ಸೊಣ್ಣಮ್ಮ ಅರ್ಧ ಅಜ್ಜಿಯ ಮಾತು, ಅರ್ಧ ಊರಿನ ಮಾತು ಉಳಿಸಿಕೊಂಡಳು. ಗಾಲಿ ತಿರುಗಿಸುವಳು. ಹೂವನ್ನು ಮಾತ್ರ ಕಾಗದ ಕತ್ತರಿಸುವ ನಾರಾಯಣಮ್ಮನ ಕೈಲಿ ಇಡಿಸುವಳು.

ಅರವತ್ತನಾಲ್ಕರ ಆಷಾಢದಲ್ಲಿ ಅನಾಹುತವಾಯಿತು. ಬೆಳಗಿನಿಂದ ಮಳೆ. ಕನಕಪುರದ ಬಸ್ಸು ರಸ್ತೆಯಲ್ಲಿ ನಿಂತು ಹಾರನ್ ಹೊಡೆಯುತ್ತಿತ್ತು. "ನಿಲ್ಲಿಸ್ಬೇಡ, ತಿರುಗ್ಸು, ತಿರುಗ್ಸು!" ಎಂದು ಮರುಳಸಿದ್ದಪ್ಪ ಕೂಗುತ್ತಿದ್ದ. ಅದರ ಬೆನ್ನಿಗೇ ಇನ್ನೊಂದು ಕೂಗು ಕೇಳಿತು. ಮನೆಯ ಹಿತ್ತಿಲಲ್ಲಿದ್ದ ನಾನು ಕುರಿ ಕೊಯ್ಯುತ್ತಿದ್ದಾರೆ ಎಂದುಕೊಂಡೆ.

ಓಡಿಹೋಗಿ ನೋಡಿದರೆ ಅವನ ಬಲಗೈ ರೋಲರಿನೊಳಗೆ ಗಿಣ್ಣಿನವರೆಗೆ ಹೋಗಿತ್ತು. ಆಳುಗಳು ಅವನ ತೋಳು ಹಿಡಿದು ಎಳೆಯುತ್ತಿದ್ದರು, ಎಳೆದಷ್ಟೂ ಅವನು ಚೀರುತ್ತಿದ್ದ. "ಎಳೀಬೇಡ್ರೋ, ಬಿಡ್ರೋ!" ಎಂದು ಗದರಿ ಸೊಣ್ಣಮ್ಮ ಗಾಲಿಯನ್ನು ಹಿಂದಕ್ಕೆ ತಿರುಗಿಸಿದಳು. ಕೈ ಹೊರಗೆ ಬಂತು. ಎರಡು ಬೆರಳು ಕಾಗದದ ಹಾಗೆ ಚಪ್ಪಟೆಯಾಗಿದ್ದವು. ಮೇಣದ ತೊಟ್ಟಿ ಮಗುಚಿ, ಹಲಗೆ ನೆಲದ ಮೇಲೆ ಬಿದ್ದು, ಬಿಳಿಯ ಮೇಣದಲ್ಲಿ ರಕ್ತ ಹೆಪ್ಪುಗಟ್ಟುತ್ತಿತ್ತು. ಕೈ ಬಿಡಿಸುವ ಗಡಿಬಿಡಿಯಲ್ಲಿ ಯಾರೋ ಹಲಗೆ ಕಿತ್ತಿರಬೇಕು ಎಂದುಕೊಂಡೆವು. ಯಾರೂ ಯಾರನ್ನೂ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಆ ಎರಡು ಬೆರಳು ತೆಗೆದರು. "ಹಲಗೆ ಇದ್ದಂಗೇ ಕೈ ಎಳ್ಕೊಂಡ್ಬಿಡ್ತು ಅಯ್ನೋರೇ. ಯಾರೋ ಹಿಡಿದು ಜಗ್ಗಿದಂಗಾಯ್ತು" ಎಂದು ಮರುಳಸಿದ್ದಪ್ಪ ಅಪ್ಪನಿಗೆ ಹೇಳಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಆ ಮಾತು ಶೆಡ್ಡಿಗೆ ಬರುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿತ್ತು. ಹಲಗೆ ಇದ್ದರೂ ಎಳೆದುಕೊಂಡಿತೆಂದರೆ ಅದು ದೇವರ ಕೋಪ. ಕೋಪ ಯಾಕೆ? ಅಂದು ಹೂವು ಇಟ್ಟದ್ದು ಯಾರು? ನಾರಾಯಣಮ್ಮ. ಹಾಗಾದರೆ ಸೊಣ್ಣಮ್ಮ ಹೊರಗಾಗಿದ್ದಳು, ಆ ಕೈಯಲ್ಲೇ ಗಾಲಿ ಮುಟ್ಟಿದ್ದಳು. ಮುಗಿಯಿತು.

ಆ ಸಂಜೆಯೇ ಅವಳ ಕೋಣೆಗೆ ಕಲ್ಲು ಬಿದ್ದವು. ಒಂದು ಹೆಂಚು ಒಡೆದು ಚೂರು ಅವಳ ಭುಜ ಸೀಳಿತು. ನಾನು ಅರಿಶಿನ ತೆಗೆದುಕೊಂಡು ಹೋದರೆ ಅವಳು ಗೋಡೆಗೆ ಹಣೆ ಕೊಟ್ಟು ಕೂತಿದ್ದಳು. ಎದುರಿಗೆ ಬಂದವನನ್ನು ಕಚ್ಚಿ ರಕ್ತ ಬರಿಸುವ ಸೊಣ್ಣಮ್ಮ ಅಂದು ಕಲ್ಲೆಸೆದವರನ್ನು ಬೈಯಲೂ ಇಲ್ಲ. ಅದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಶಾಂತಮ್ಮಾರೇ, ನಾನು ಮುಟ್ಟಬಾರದಾಗಿತ್ತೇನೋ" ಎಂದಳು.

"ಹುಚ್ಚಿ, ಕಬ್ಬಿಣಕ್ಕೆ ಏನು ಗೊತ್ತಾಗುತ್ತೆ?" ಎಂದೆ.

ಒಂದು ದಿನ ಬಿಟ್ಟು ಆಳುಗಳೆಲ್ಲ ಶೆಡ್ಡಿನ ಮುಂದೆ ಸೇರಿದರು. ಬೈರಣ್ಣ ಸಾರಕ್ಕಿಯಿಂದ ಇಬ್ಬರು ದಾಯಾದಿಗಳನ್ನು ಕಟ್ಟಿಕೊಂಡು, ಮದುವೆಗೆ ಬಂದವನ ಹಾಗೆ ಒಗೆದ ಅಂಗಿ ತೊಟ್ಟು ಬಂದಿದ್ದ. ಮರುಳಸಿದ್ದಪ್ಪ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದ. ಆಳುಗಳ ಪರವಾಗಿ ಚಿಕ್ಕಬೈರಪ್ಪ ಎಂಬುವನು ಮಾತಾಡಿದ.

"ಅಯ್ನೋರೇ, ಇವಳನ್ನ ಕಳ್ಸಿ. ಮಿಷನ್ನಿಗೆ ಒಂದು ಕೋಳಿ ಕುಯ್ದು ಶುದ್ಧಿ ಮಾಡಾಣ. ಇಲ್ಲಾಂದ್ರೆ ನಾವ್ಯಾರೂ ಕಟ್ಟು ಮುಟ್ಟಲ್ಲ."

"ಲಿಂಗ ಕಟ್ಟಿದ ಮನೇಲಿ ಕೋಳಿ ಕುಯ್ತೀಯೇನೋ?" ಎಂದು ಅಜ್ಜಿ ಒಳಗಿನಿಂದ ಗುಡುಗುತ್ತಾ ಬಂದಳು. "ಲೋ ಮರುಳಸಿದ್ದ, ನಿನ್ನ ಕೊರಳಲ್ಲೂ ಲಿಂಗ ಇದೆ. ನಮಗೆ ಈ ಸೂತಕ ಇಲ್ಲ ಅಂತ ಹೇಳೋ ಇವರಿಗೆ!"

ಮರುಳಸಿದ್ದಪ್ಪ ಬ್ಯಾಂಡೇಜಿನ ತುದಿ ಸರಿಮಾಡಿಕೊಳ್ಳುತ್ತಾ ಕೂತ. ಅಪ್ಪ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. "ಅವ್ವ ಹೇಳೋದೂ ಸರಿ, ಇವರು ಹೇಳೋದರಲ್ಲೂ ಒಂದು ಅರ್ಥ ಇದೆ. ಸೊಣ್ಣಮ್ಮ, ಸದ್ಯಕ್ಕೆ ನೀನು ಮನೆಗೆ ಹೋಗಿರಮ್ಮ" ಎಂದರು. ಮನೆಗೆ! ಯಾವ ಮನೆ ಎಂದು ಅವರಿಗೆ ಗೊತ್ತಿರಲಿಲ್ಲವೆ? ನಮ್ಮಪ್ಪ ಕೆಟ್ಟವರಲ್ಲ ಎಂದು ನನ್ನ ಅಣ್ಣಂದಿರು ಈಗಲೂ ವಾದಿಸುತ್ತಾರೆ. ಕೆಟ್ಟವರಾಗುವುದಕ್ಕೂ ಸ್ವಲ್ಪ ಧೈರ್ಯ ಬೇಕು.

ಬೈರಣ್ಣ ಅಷ್ಟಕ್ಕೇ ಕಾದಿದ್ದ. ಅವಳ ಕೂದಲಿಗೆ ಕೈ ಹಾಕಿ ಮೊಣಕಾಲಿನಿಂದ ಬೆನ್ನಿಗೆ ಗುದ್ದಿದ. ಅವಳು ಕೆಸರಿನಲ್ಲಿ ಬಿದ್ದಳು. "ನಡಿಯೇ, ಗಂಡನ್ ಬಿಟ್ಟು ಮಿಷನ್ ಕಟ್ಕೊಂಡ್ಯಲ್ಲ" ಎಂದು ಪಕ್ಕೆಗೆ ಒದ್ದ. ಮತ್ತೆ ಒದ್ದ. ನಾನು ಓಡಿಹೋಗಿ ಅವನ ಅಂಗಿ ಹಿಡಿದೆ. ದಾಯಾದಿಯೊಬ್ಬ ನನ್ನನ್ನು ತಳ್ಳಿದ ರಭಸಕ್ಕೆ ಗೇಟಿನ ಕಂಬಕ್ಕೆ ಬಡಿದೆ.

ಆಗ ಸೊಣ್ಣಮ್ಮ ಎದ್ದಳು. ಮೂಗಿನಿಂದ ರಕ್ತ ಸುರಿಯುತ್ತಿತ್ತು. ಅವನಿಗೆ ಬೆನ್ನು ಹಾಕಿ ಶೆಡ್ಡಿನೊಳಗೆ ನಡೆದಳು, ಎಲ್ಲರೂ ಹಿಂದೆ ನುಗ್ಗಿದರು. ನೆಲದ ಮೇಲಿದ್ದ ಹಲಗೆಯನ್ನು ಎತ್ತಿ ರೋಲರಿನ ಬಾಯಿಗೆ ಕೂರಿಸಿದಳು.

"ನಾನಿವತ್ತೂ ಹೊರಗೇ ಇದೀನಿ" ಎಂದು ಅಷ್ಟು ಗಂಡಸರ ಮುಂದೆ ಕೂಗಿ ಹೇಳಿದಳು. "ಎಲ್ರೂ ಕೇಳ್ಕೊಳ್ಳಿ. ಮೈಲಿಗೇಲೇ ಇದೀನಿ. ಮುಟ್ತೀನಿ. ಹಲಗೆ ಇದ್ದಂಗೇ ಮೇಸ್ತ್ರಿಗಳ ಕೈ ಎಳ್ಕೊಂಡಿದ್ದು ನನ್ನ ಪಾಪ ಆದ್ರೆ, ಈಗ ನನ್ನ ಕೈನೇ ಎಳ್ಕೊಳ್ಳಿ. ಎಳ್ಕೊಂಡ್ರೆ ನಾನಾಗೇ ಸಾರಕ್ಕಿಗೆ ಹೋಗ್ತೀನಿ. ತಿರುಗ್ಸಿ ಗಾಲಿ!"

ಬಲಗೈ ಬೆರಳುಗಳನ್ನು ಹಲಗೆಯ ಸೀಳಿಗೆ ಚುಚ್ಚಿ ನಿಂತಳು. ಅಪ್ಪ "ಬೇಡಮ್ಮ" ಎಂದರು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೇವರ ಮುಂದೆ ಆಣೆ ಇಟ್ಟವಳನ್ನು ತಡೆಯುವ ಧೈರ್ಯ ಅವರಿಗಿಲ್ಲ, ಗಾಲಿ ಮುಟ್ಟುವ ಧೈರ್ಯವೂ ಇಲ್ಲ.

ಬೈರಣ್ಣನಿಗೆ ಇತ್ತು. ಅವನು ಹಿಂದೆ ಹೋಗಿ ಹಿಡಿಕೆ ಹಿಡಿದು, ಎತ್ತಿನ ಹಾಗೆ ಭುಜ ಕೊಟ್ಟು ತಿರುಗಿಸಿದ. ರೋಲರು ಗಡಗಡ ಎಂದಿತು. ಸೊಣ್ಣಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಕೈ ಹೋಗೇ ಹೋಗುತ್ತದೆ ಎಂದು ಅವಳು ನಂಬಿದ್ದಳು, ಆದರೂ ಕೈ ಹಿಂದಕ್ಕೆ ತೆಗೆಯಲಿಲ್ಲ. ಬೆರಳ ತುದಿಯ ಚರ್ಮ ಸುಲಿದು ರಕ್ತ ಬಂತು. ಅದಕ್ಕಿಂತ ಒಳಗೆ ಹಲಗೆ ಬಿಡಲಿಲ್ಲ. ಬೈರಣ್ಣ ಇನ್ನೂ ಜೋರಾಗಿ ತಿರುಗಿಸಿದ. ಕೈ ಅಲ್ಲೇ ಇತ್ತು.

"ಎಳ್ಕೊಳ್ಳಲಿಲ್ಲ" ಎಂದು ನಾರಾಯಣಮ್ಮ ಕಿರುಚಿದಳು.

ಬೈರಣ್ಣನಿಗೆ ಹುಚ್ಚು ಕೆರಳಿತು. ಗಾಲಿಯನ್ನು ದಾಯಾದಿಯ ಕೈಗೆ ಕೊಟ್ಟು, "ನಿಲ್ಲಿಸ್ಬೇಡ್ಲಾ, ತಿರುಗ್ಸು!" ಎನ್ನುತ್ತಾ ಮುಂದೆ ಬಂದ. ಒಂದು ಕೈಯಲ್ಲಿ ಅವಳ ಮಣಿಕಟ್ಟನ್ನು ರೋಲರಿನ ಕಡೆಗೆ ಅದುಮಿ ಹಿಡಿದು, ಇನ್ನೊಂದು ಕೈಯಿಂದ ಹಲಗೆಗೆ ಬೆರಳು ಕೊಟ್ಟು ಮೇಲಕ್ಕೆ ಕೀಳತೊಡಗಿದ.

"ಹಲಗೆ ತೆಗೀಬೇಡ್ಲೋ!" ಮರುಳಸಿದ್ದಪ್ಪ ಸ್ಟೂಲು ಬೀಳುವ ಹಾಗೆ ಎದ್ದು ಅರಚಿದ. "ತೆಗೆದ್ರೆ ನನ್ನ ಕೈ ಹೋದಂಗೇ ಹೋಗುತ್ತೆ ಕಣೋ!"

ಗಾಲಿ ನಿಂತಿತು. ತಿರುಗಿಸುತ್ತಿದ್ದ ದಾಯಾದಿ ಹೆದರಿ ಕೈ ಬಿಟ್ಟಿದ್ದ. ಆಡಿದ ಮಾತು ಏನೆಂದು ಮರುಳಸಿದ್ದಪ್ಪನಿಗೆ ಆಮೇಲೆ ತಿಳಿಯಿತು.

"ಹಲಗೆ ಇತ್ತು ಅಂದ್ಯಲ್ಲೋ?" ಎಂದಳು ಅಜ್ಜಿ.

"ಕಾಗದ ಸಿಕ್ಕಾಕೊಂಡಿತ್ತು ಅವ್ವಾ. ಬಸ್ಸು ಹೋಗ್ಬಿಡ್ತಿತ್ತು. ನಾನೇ ತೆಗೆದು ಕೈ ಹಾಕ್ದೆ" ಎಂದು ಅವನು ನೆಲ ನೋಡುತ್ತಾ ಹೇಳಿದ. "ಎಲ್ರೂ ಮೈಲಿಗೆ ಅಂದ್ರು. ನಾನು ಸುಮ್ನಾದೆ."

ಸೊಣ್ಣಮ್ಮ ಗಂಡನ ಹಿಡಿತದಿಂದ ಕೈ ಕಿತ್ತುಕೊಂಡು ನೇರವಾಗಿ ಮೇಸ್ತ್ರಿಯ ಬಳಿಗೆ ಹೋದಳು. ರಕ್ತ ತೊಟ್ಟಿಕ್ಕುವ ಅದೇ ಕೈಯಿಂದ ಅವನ ಕೆನ್ನೆಗೆ ಬಾರಿಸಿದಳು. ಅವನು ಬ್ಯಾಂಡೇಜಿನ ಕೈಯನ್ನು ಅಡ್ಡ ತರಲಿಲ್ಲ. ಇನ್ನೊಂದು ಬಾರಿಸಿದಳು. ಮೂರನೆಯದಕ್ಕೆ ಎತ್ತಿದ ಕೈ ಅಲ್ಲೇ ನಿಂತು, ಅವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಒದೆ ತಿನ್ನುವಾಗ ಒಮ್ಮೆಯೂ ಅತ್ತವಳಲ್ಲ.

"ನಾನೂ ನಂಬಿದ್ನಲ್ಲೋ, ಪಾಪಿ! ನಾನೇ ಮಾಡ್ದೆ ಅಂತ ಗೋಡೆಗೆ ತಲೆ ಚಚ್ಕೊಂಡಿದೀನಲ್ಲೋ! ಹೊಟ್ಟೇಲಿದ್ದವೂ ನನ್ನ ಪಾಪಕ್ಕೇ ಹೋದ್ವೇನೋ, ಎಲ್ಲೋ ಮುಟ್ಟಬಾರದ್ದು ಮುಟ್ಟಿದ್ನೇನೋ ಅಂತ..."

ಮಾತು ಅಲ್ಲಿಗೇ ನಿಂತಿತು. ಅವಳು ನಿಧಾನವಾಗಿ ಬೈರಣ್ಣನ ಕಡೆ ತಿರುಗಿದಳು. ಕಳಚಿ ಬಂದ ಹಲಗೆ ಇನ್ನೂ ಅವನ ಕೈಯಲ್ಲಿತ್ತು.

"ಅವೂ ನನ್ನಿಂದ ಹೋಗ್ಲಿಲ್ಲ" ಎಂದಳು.

ಕೂಗಿ ಹೇಳಲಿಲ್ಲ. ಅವನ ಕಡೆಗೆ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ಚಿಕ್ಕಬೈರಪ್ಪ ತಾನಾಗಿ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ. ದಾಯಾದಿಗಳೂ ಬೈರಣ್ಣನ ನೆರವಿಗೆ ಬರಲಿಲ್ಲ. ಬೈರಣ್ಣ ಹಲಗೆ ಬಿಸಾಕಿ, ಹಿಂದೆ ಹಿಂದೆ ಸರಿದು, ಮಳೆಯಲ್ಲಿ ಸಾರಕ್ಕಿಯ ಕಡೆಗೆ ಓಡಿದ.