ಕಾಗೆಬಂಗಾರದ ಬೀಸುಕಲ್ಲು

ಚಿಕ್ಕಸಿದ್ದಮ್ಮ ಬಿಳಿಕೆರೆ ಸುತ್ತಿನ ಊರುಗಳಲ್ಲಿ ಸವೆದ ಬೀಸುಕಲ್ಲಿಗೆ ಉಳಿಯಿಂದ ಕಚ್ಚು ಹಾಕಿಕೊಡುತ್ತಿದ್ದ ಹೆಂಗಸು. ಅಕ್ಷರ ಗೊತ್ತಿರಲಿಲ್ಲ, ಬಾಯಿ ಮಾತ್ರ ಜೋರು. ಗ್ರಾನೈಟ್ ಎಂದರೆ ಸ್ಫಟಿಕ, ಫೆಲ್ಡ್‌ಸ್ಪಾರ್, ಅಭ್ರಕ ಎಂದು ನಾನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದೆ. ಆಕೆಗೆ ಅವು ಬೆಣಚು, ಕೆಂಪು ಹರಳು, ಕಾಗೆಬಂಗಾರ. ಯಾವುದು ಎಷ್ಟಿದೆ ಎಂದು ನೋಡಿಯೇ ಇದು ಬೀಸುವ ಕಲ್ಲು, ಇದು ಬರೀ ಮೆಟ್ಟಿಲಿಗೆ ಆಗುವ ಕಲ್ಲು ಎಂದು ವಿಂಗಡಿಸಿಬಿಡುತ್ತಿದ್ದಳು. ನಮ್ಮ ಮೇಷ್ಟರಿಗೂ ಅಷ್ಟು ಬರುತ್ತಿರಲಿಲ್ಲ.

ನಾನು ಹುಟ್ಟುವ ಮೊದಲಿನ ಮಾತು, ಸಾವಿರದ ಒಂಬೈನೂರ ಮೂವತ್ತರ ಆಸುಪಾಸು. ನಮ್ಮಪ್ಪನಿಗೆ ಹೊಟ್ಟೆನೋವು ಹಿಡಿದು ವಾರವಾಗಿತ್ತು. ಅಜ್ಜಿ ಪುಟ್ಟತಾಯಮ್ಮ ರಾಗಿಹಿಟ್ಟಿನ ಮಡಕೆ ನೋಡಿದರೆ ಹಿಟ್ಟೆಲ್ಲ ಮಿಣಮಿಣ. ಸೊಸೆ ಗಾಜು ಕುಟ್ಟಿ ಹಾಕಿದ್ದಾಳೆ ಎಂದು ಊರಿಗೇ ಕೇಳುವ ಹಾಗೆ ಕೂಗಿದರು. ಮದುವೆಯಾಗಿ ಮೂರೇ ತಿಂಗಳಾಗಿದ್ದ ನಮ್ಮವ್ವ ಸುನಂದಮ್ಮ ಅಳುತ್ತಲೇ ಬಟ್ಟೆ ಗಂಟು ಕಟ್ಟಿಕೊಂಡಳು. ಪಿರಿಯಾಪಟ್ಟಣದ ತವರಿಗೆ ಬಿಟ್ಟುಬರಲು ಗಾಡಿ ಕಟ್ಟಿ, ಅವಳನ್ನು ಹತ್ತಿಸಿದ್ದೂ ಆಯಿತು. ಹೋದರೆ ಮತ್ತೆ ಈ ಹೊಸಿಲು ತುಳಿಯುವ ಹಾಗಿರಲಿಲ್ಲ.

ಬೀದಿಯಲ್ಲಿ ಬರುತ್ತಿದ್ದ ಚಿಕ್ಕಸಿದ್ದಮ್ಮ ಗಲಾಟೆ ಕೇಳಿ ಜಗಲಿಯ ಹತ್ತಿರ ನಿಂತಳು. ಹಿಟ್ಟು ತರಿಸಿ, ಮಿಂಚುವ ಚೂರೊಂದನ್ನು ಉಗುರ ತುದಿಯಲ್ಲಿ ಎತ್ತಿ ಬಗ್ಗಿಸಿದಳು. ಅದು ಮುರಿಯಲಿಲ್ಲ, ಬಾಗಿತು. ಸೀಳಿದರೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಬಿಟ್ಟಿತು.

“ಗಾಜು ಇಂಗೆ ಬಾಗ್ತದಾ? ಇದು ಕಲ್ಲಿನ ಕಾಗೆಬಂಗಾರ ಕಣವ್ವ, ಬೀಸ್ದಾಗೆಲ್ಲ ಉದುರ್ತದೆ. ಈ ಕಲ್ಲ ಆರಿಸ್ದೋರು ಯಾರು?”

ಹಿಂದಿನ ತಿಂಗಳು ಸಂತೆಯಲ್ಲಿ ಹತ್ತು ಕಲ್ಲು ನೋಡಿ, ಇದೇ ಮಿರಿಮಿರಿ ಮಿಂಚುತ್ತದೆ ಎಂದು ಹಟ ಹಿಡಿದು ತಂದವರು ನಮ್ಮಜ್ಜಿಯೇ.

ಅಜ್ಜಿ ತಾವೇ ಎದ್ದುಹೋಗಿ ಎತ್ತು ಬಿಚ್ಚಲು ಹೇಳಿದರು. ನಮ್ಮವ್ವನಿಗೆ ಎಂಥ ನೆಮ್ಮದಿಯಾಯಿತೆಂದರೆ, ಗಾಡಿಯಿಂದ ಇಳಿದವಳೇ ನೇರ ಒಳಗೆ ಹೋಗಿ ಒಲೆ ಹಚ್ಚಿದಳಂತೆ.

ವಾರದೊಳಗೆ ಚಿಕ್ಕಸಿದ್ದಮ್ಮ ಬೆಣಚು ಹೆಚ್ಚಿರುವ, ಕಾಗೆಬಂಗಾರ ಕಾಣದ ಬೂದು ಕಲ್ಲಿನ ಜೋಡಿ ತಂದು ಕಚ್ಚು ಹಾಕಿಕೊಟ್ಟಳು. ನೋಡಲು ಏನೇನೂ ಚೆನ್ನಾಗಿರಲಿಲ್ಲ. ಅಪ್ಪನ ಹೊಟ್ಟೆನೋವೂ ನಿಂತಿತು, ಕಲ್ಲಿನಿಂದಲೋ ಕಷಾಯದಿಂದಲೋ ದೇವರಿಗೇ ಗೊತ್ತು.

ಮೊದಲ ದಿನ ನಮ್ಮವ್ವ ಬೀಸಲು ಕೂತಾಗ ಅಜ್ಜಿ ಬಂದು ಎದುರಿಗೆ ಕೂತರು.

“ನನ್ ಕಣ್ಗೆ ಮಂಕು ಕವ್ದಿತ್ತು ಕಣವ್ವ” ಎಂದು ಗೂಟಕ್ಕೆ ತಾವೂ ಕೈ ಹಾಕಿದರು.

ಇಬ್ಬರೂ ಸೇರಿ ಬೀಸಿದ ಮೊದಲ ಸೇರು ಹಿಟ್ಟನ್ನು ಅಜ್ಜಿಯೇ ಹೊತ್ತುಕೊಂಡು ಹೋಗಿ ಚಿಕ್ಕಸಿದ್ದಮ್ಮನ ಮಡಿಲಿಗೆ ಸುರಿದು ಬಂದರು.