ರಾಗಿ ಎರಚಿದಂತೆ, ಅವರೆ ಊರಿದಂತೆ

ಮಕ್ಕಳೇ, ಲೊಕ್ಕನಹಳ್ಳಿಯಲ್ಲಿ ನಮ್ಮ ಪಕ್ಕದ ಹೊಲದವರೊಬ್ಬರು ಸೇನೆಯಲ್ಲಿ ರಾಕೆಟ್ ಹಾರಿಸುತ್ತಿದ್ದವರು. ನಿವೃತ್ತರಾಗಿ ಬಂದ ಮೇಲೂ ಲಾರಿಯ ಮೇಲಿಂದ ಹಾರುವ ಆ ರಾಕೆಟ್ಟುಗಳದೇ ಮಾತು. ಮೊಬೈಲಿನಲ್ಲಿ ಯುದ್ಧದ ಸುದ್ದಿ ನೋಡಿ, ಮೀಸೆ ನೀವಿಕೊಂಡು ನಮ್ಮ ಜಗಲಿಗೆ ಬರುತ್ತಿದ್ದರು.

"ರಷ್ಯಾದ್ದು ರಾಗಿ ಎರಚ್ದಂಗೆ ಕಣವ್ವ, ನಲವತ್ ರಾಕೆಟ್ಟೂ ಒಟ್ಗೆ ಓಯ್ತವೆ. ಅಮೇರಿಕದ್ದು ಅವರೆ ಊರ್ದಂಗೆ. ಆರೇ ಆರು, ಗುರಿ ಇಟ್ ಜಾಗುಕ್ಕೇ ಬೀಳ್ತವೆ."

ಕೊನೆಗೆ ಬೆರಳೆತ್ತಿ, "ಯಾವ್ದೇ ಆಗ್ಲಿ, ರಾಕೆಟ್ ಬುಟ್ ಮ್ಯಾಲೆ ಅದೇ ಜಾಗ್ದಲ್ಲಿ ನಿಂತಿರ್ಬಾರ್ದು, ವೈರಿ ತಿರುಗ್ಸಿ ಒಡೀತಾನೆ" ಎನ್ನುವರು. ನಾನು ಏನೂ ಕೇಳದೆ ಸಂಕೋಚದಿಂದ ತಲೆಯಾಡಿಸುತ್ತಿದ್ದೆ.

ಒಂದು ಸಂಜೆ ತೆನೆ ತುಂಬಿದ ನಮ್ಮ ರಾಗಿಗೆ ಆನೆ ನುಗ್ಗಿತು. ನಮ್ಮ ವರ್ಷದ ಊಟವೆಲ್ಲ ಆ ಹೊಲದಲ್ಲೇ ಇತ್ತು. ನನ್ನ ಕೂಗು ಕೇಳಿ ಓಡಿಬಂದ ಅವರು ದೀಪಾವಳಿಯ ರಾಕೆಟ್ಟನ್ನು ಪೈಪಿನಲ್ಲಿಟ್ಟು, ಒಂದು ಕಣ್ಣು ಮುಚ್ಚಿ ಗುರಿ ನೋಡಿ ಹಚ್ಚಿದರು. ಅದು ಆನೆಯ ತಲೆಯ ಮೇಲೆ ಹಾದು ಸಿಡಿಯಿತು. ಆನೆ ಘೀಳಿಟ್ಟು ಕಾಡಿನತ್ತ ಓಡಿತು. ರಾಗಿ ಉಳಿಯಿತೆಂದು ಹೇಳಲು ತಿರುಗಿದರೆ, ಅವರ ಒಂದು ಚಪ್ಪಲಿ ಮಾತ್ರ ಅಲ್ಲಿತ್ತು.

ಮನೆಗೆ ಬಂದು ನೋಡಿದರೆ ಅವರು ನಮ್ಮ ಅಡುಗೆಮನೆಯಲ್ಲಿ ಏದುಸಿರು ಬಿಡುತ್ತಾ ನಿಂತಿದ್ದರು. ನೀರು ಕೊಟ್ಟು, ಮೊದಲ ಸಲ ನಾನೇ ಕೇಳಿದೆ: "ಇದು ರಷ್ಯಾದ್ದೋ ಅಮೇರಿಕದ್ದೋ ಅಣ್ಣ?"

"ಓಡೋದ್ರಲ್ಲಿ ಎಲ್ಲಾ ದೇಸಾನೂ ಒಂದೇ ಕಣವ್ವ" ಎಂದು ಇನ್ನೊಂದು ಲೋಟ ನೀರು ಕೇಳಿದರು.